ಕಾದಂಬರಿ 14ನೇ ಅಧ್ಯಾಯಕ್ಕೆ ಬಂದು ನಿಂತೋಗಿದೆ, ಸಹಾಯ ಬೇಕು
ಎಲ್ರಿಗೂ ನಮಸ್ಕಾರ, 13 ಅಧ್ಯಾಯ ಸಲೀಸಾಗಿ ಬಂತು, 14ನೇದ್ರಲ್ಲಿ ಅಕ್ಕ ತಂಗಿ ಇಬ್ರೂ ಅಪ್ಪ ಹೋದ್ಮೇಲೆ ಮೊದಲ್ನೇ ಸಲ ಎದುರುಬದುರು ಕೂತಿದಾರೆ, ತಂಗಿ ಬಾಯಿ ಬಿಡ್ಬೇಕು ಅಷ್ಟೇ, ಎರಡು ತಿಂಗಳಿಂದ ಅವಳು ಲೋಟ ಹಿಡ್ಕೊಂಡು ಸುಮ್ನೇ ಕೂತಿದಾಳೆ. ಹಳೇ ಪುಟ ತಿದ್ದೋದ್ರಲ್ಲೇ ನನ್ನ ಟೈಮ್ ಹೋಗ್ತಿದೆ. ಆ ಸೀನ್ ಬಿಟ್ಟು ಕೊನೇ ಅಧ್ಯಾಯ ಬರ್ದು ನೋಡ್ದೆ, ಅದು ಬಂತು, ಆದ್ರೆ ಇಲ್ಲಿಗೆ ವಾಪಸ್ ಬಂದ್ರೆ ಮತ್ತೆ ಒಂದು ಸಾಲೂ ಮುಂದಕ್ಕೆ ಹೋಗಲ್ಲ. ನಂಗನ್ಸೋದು, ತೊಂದ್ರೆ ಈ ಸೀನಲ್ಲಿಲ್ಲ, ಹಿಂದೆ 9ನೇ ಅಧ್ಯಾಯದಲ್ಲೇ ಇದೆ, ತಂಗಿಗೆ ನಿಜವಾಗ್ಲೂ ಏನು ಬೇಕು ಅಂತ ನಾನು ಅಲ್ಲಿ ಸರಿಯಾಗಿ ಯೋಚ್ನೆ ಮಾಡಿಲ್ಲ. ಇಂಥ ಟೈಮಲ್ಲಿ ನೀವು ಹಿಂದೆ ಹೋಗಿ ಸರಿಮಾಡ್ತೀರಾ, ಇಲ್ಲಾ ಹೆಂಗೋ ಒಂದು ಡ್ರಾಫ್ಟ್ ಮುಗಿಸ್ಬಿಟ್ಟು ಆಮೇಲೆ ತಿದ್ತೀರಾ? ಪುಸ್ತಕ ಬರ್ದು ಮುಗ್ಸಿರೋರು ದಯವಿಟ್ಟು ಹೇಳಿ, ಈ ಕಥೆ ಬಿಡೋಕೆ ಮನಸ್ಸೇ ಬರ್ತಿಲ್ಲ.