ತಂಗಿ ಮಂಕಾಗ್ಯಾಳ, ಡಿಪ್ರೆಶನ್ (ಖಿನ್ನತೆ) ಇದ್ದಂಗದ. ಡಾಕ್ಟರಾ, ಮದುವಿನಾ? ಅನುಭವ ಇದ್ದವರು ಹೇಳ್ರಿ

ಕೇಳಿದವರು (ಕಲಬುರಗಿ): ತಂಗಿಗೆ 22. ಬಿಎಸ್ಸಿ ಮುಗಿಸಿ ಪಿಎಸ್‌ಐ ಪರೀಕ್ಷಾಕ್ಕ ಮನ್ಯಾಗೇ ಓದ್ತಿದ್ಳು. ದೀಪಾವಳಿ ಆದಾಗಿಂದ ಮಾತಿಲ್ಲ. ನಸುಕಿನ್ಯಾಗ ಮೂರಕ್ಕ ಎದ್ದು ಕೂಡ್ತಾಳ, ಅರ್ಧ ರೊಟ್ಟಿ ತಿಂದು ತಾಟು ಸರಸ್ತಾಳ. ನಾವು ಸಣ್ಣವರಿದ್ದಾಗ ಅವ್ವಗೂ ಹಿಂಗೇ ಆಗಿತ್ತಂತ. ಲಗ್ನ ಮಾಡಿದ್ರ ಸರಿ ಹೋಗ್ತದ ಅಂತಾನ ಅಪ್ಪ. ಇಲ್ಲೇ ತೋರಸ್ಬೇಕಾ, ಹೈದರಾಬಾದಿಗೆ ಒಯ್ಯಬೇಕಾ?

ಸೇಡಂ ರೋಡ್ ಅಕ್ಕ: ಲಗ್ನ ಅಂದ್ರಲ್ಲ, ನಂದು ಕೇಳ್ರಿ. ನನಗ ಶುರುವಾಗಿದ್ದೇ ಲಗ್ನ ಆದಮ್ಯಾಲ. ಎರಡನೇದೂ ಹೆಣ್ಣು ಅಂದ ಕೂಡ್ಲೇ ಬಾಣಂತನಕ್ಕ ತಂದಿಟ್ಟ ಖೋಬ್ರಿ, ಅಂಟಿನ ಡಬ್ಬಿ ಅಟ್ಟಕ್ಕ ಏರಿದ್ವು. ಕೂಸು ಮಲಗಿದ್ರೂ ನನಗ ನಿದ್ದಿ ಇಲ್ಲ. ಎರಿಯೋವಾಗ ಕೈ ನಡಗ್ತಿದ್ವು. ಡಾಕ್ಟರ್ ಫೀಸು 500, ಥೈರಾಯ್ಡ್, ಬಿ12, ರಕ್ತ ಎಲ್ಲಾ ಕೂಡಿ 1,850. ಹಿಮೋಗ್ಲೋಬಿನ್ 8.2 ಬಂತು. ಹಾಲು ಕುಡಿಸೋ ಬಾಣಂತಿ ಮಾತ್ರಿ ನುಂಗಬಾರ್ದು ಅಂತ ಅತ್ತಿ ಗದ್ದಲ. ಹಾಲುಣಿಸೋವಾಗ ನಡೀತದ ಅಂತ ಡಾಕ್ಟರೇ ಸರ್ಟ್ರಾಲಿನ್ ಅಂತ ಡಿಪ್ರೆಶನ್ ಮಾತ್ರಿ ಕೊಟ್ರು. ಮೊದಲಿಗೆ ಬರೇ ವಾಕರಿಕಿ. ಹೊಟ್ಟಿ ತಣ್ಣಗಾಗಿ ಮನಸು ಹಗುರಾಗಲಿಕ್ಕ ಒಂದು ತಿಂಗಳ ಮ್ಯಾಲೇ ಹಿಡೀತು. ಆ ರೊಕ್ಕ ಕೊಟ್ಟಿದ್ದು ನಮ್ಮಣ್ಣ, ಗಂಡ ಅಲ್ಲ.

ಹುಮನಾಬಾದ್ ಕಾಕಾ: ಎಲ್ಲಾ ಅತ್ತಿ ಹಂಗೇ ಇರಂಗಿಲ್ಲ ತಂಗಿ. ನನ್ನ ಮಗಳೂ ಖೋಲಿ ಬಿಟ್ಟು ಹೊರಗ ಬರ್ತಿರಲಿಲ್ಲ. ಲಗ್ನ ಮಾಡಿದ್ವಿ, ಈಗ ಪುಣೆದಾಗ ಆರಾಮ ಅದಾಳ. ಖರ್ಚು 11 ಲಕ್ಷ. ಬಂಗಾರ ಬ್ಯಾರೆ, ಮಂಟಪದವ ಕರೆಂಟಿಗೇ 18,000 ಹಚ್ಚಿದ, ಡೀಸೆಲ್ ಮತ್ತ ಬ್ಯಾರೆ. ಮಾತ್ರಿ ಒಮ್ಮೆ ಹತ್ತಿದ್ರ ಜೀವ ಇರೋತನಕ ಬಿಡಂಗಿಲ್ಲ.

ಸೇಡಂ ರೋಡ್ ಅಕ್ಕ: ಆರಾಮ ಅದಾಳಂತ ಅಕಿ ಹೇಳ್ಯಾಳಾ, ಅಳಿಯಾ ಹೇಳ್ಯಾನಾ?

ಹುಮನಾಬಾದ್ ಕಾಕಾ: ಮನಿ ಮಾತು ತೆಗೀಬ್ಯಾಡ್ರಿ. ಹಿರಿಯರಿಗೆ ಹಿಂಗ ಮಾತಾಡ್ತಾರಾ?

ಆಳಂದದಾಕಿ: ಕಾಕಾರ, ಮಾತ್ರಿ ಚಟ ಹತ್ತಂಗಿಲ್ಲ. ಒಮ್ಮೆಲೇ ಬಿಟ್ರ ತ್ರಾಸ ಆಗ್ತದ, ಅದು ಬ್ಯಾರೆ. ನಾ ಧಾರವಾಡದಾಗ ಕೋಚಿಂಗಿಗೆ ಇದ್ದೆ. ಫೀಸು 28,000, ರೂಮು 3,500, ಮೆಸ್ಸು 2,800. ಪ್ರಿಲಿಮ್ಸ್ ಹೋದಮ್ಯಾಲ ಸ್ನಾನನೂ ಬ್ಯಾಡಾಗಿತ್ತು. ಡಾಕ್ಟರ್ ಅಂಥದೇ ಮಾತ್ರಿ, ಎಸ್ಸಿಟಾಲೋಪ್ರಾಮ್ 10 ಎಂಜಿ ಬರೆದ್ರು, ಆರಾಮ ಆಗ್ಲಿಕತ್ತಿತ್ತು. ಊರಿಗೆ ಬಂದ್ರ ನಮ್ಮಣ್ಣ ಹುಚ್ಚರ ಮಾತ್ರಿ ಅಂತ ಕಿತ್ತು ಗಟಾರಕ್ಕ ಒಗೆದ. ತಲಿಯಾಗ ಕರೆಂಟ್ ಹೊಡೆದಂಗ, ಚಕ್ಕರ್. ಮತ್ತ ಶುರು ಮಾಡಿ, ಬಿಡೋವಾಗ ಡಾಕ್ಟರ್ ಸಾವಕಾಶ ಇಳಿಸಿ ಬಿಡಿಸಿದ್ರು. ಆದ್ರ ನನ್ನ ಎಬ್ಬಿಸಿದ್ದು ಬರೇ ಮಾತ್ರಿ ಅಲ್ರಿ. ರೂಮ್‌ಮೇಟ್ ದಿನಾ ಸಂಜಿಕ ಚಪ್ಪಲಿ ಕಾಲಿನ ಮುಂದ ತಂದಿಟ್ಟು ನಡೀ ಅಂತಿದ್ಳು. ಈಗ ಖಾಸಗಿ ಸಾಲ್ಯಾಗ ಕಲಸ್ತೀನಿ, ಪಗಾರ 9,000. ಕಮ್ಮಿನೇ, ಆದ್ರ ಅಣ್ಣನ ಮುಂದ ಕೈಚಾಚಂಗಿಲ್ಲ.

ಯಾದಗಿರಿಯವ: ಹೈದರಾಬಾದಿಗೆ ಹೋಗಬ್ಯಾಡ್ರಿ. ಹೆಂಡತಿನ್ನ ಕರಕೊಂಡು ಹೋಗಿದ್ವಿ. ಫೀಸು 1,200, ಲಾಡ್ಜು 1,600, ಆಟೋದವ 350. ಡಾಕ್ಟರ್ ಮಾತಾಡಿದ್ದು ಚಹಾ ಆರೋದ್ರಾಗ ಮುಗೀತು, ಅದೂ ತೆಲುಗಿನ್ಯಾಗ.

ಆಳಂದದಾಕಿ: ಒಬ್ಬ ಡಾಕ್ಟರ್ ಹಂಗ ಮಾಡಿದ್ರ ಊರಿಗೇ ಬೈತೀರಾ? ನಮ್ಮ ಚಿಕ್ಕವ್ವ ಅಲ್ಲೇ ಆರಾಮ ಆದ್ಳು.

ಯಾದಗಿರಿಯವ: ನಿಮ್ಮ ಚಿಕ್ಕವ್ವಗ ತೆಲುಗು ಬರ್ತಿತ್ತೇನೋ.

ಬೀದರ್ ಸಿಸ್ಟರ್ (ನರ್ಸ್): ಜಗಳ ಆಮ್ಯಾಲ ಮಾಡ್ರಿ. ಈ ಡಿಪ್ರೆಶನ್ ಕಾಯಿಲೆ ಹೆಣ್ಣಮಕ್ಕಳಲ್ಲಿ ಗಂಡಸರಿಗಿಂತ ಸುಮಾರು 2 ಪಟ್ಟು ಹೆಚ್ಚು. ಆ ಫರಕು ಹರೆಯಕ್ಕ ಬಂದಮ್ಯಾಲ ಶುರುವಾಗ್ತದ. ತಾಯಿಗೆ ಇದ್ರ ಮಗಳಿಗೂ ಸಂಭವ ಜಾಸ್ತಿ. ಬಂದೇ ಬರ್ತದ ಅಂತಲ್ಲ. ಮನಸು ಬಿಚ್ಚಿ ಮಾತಾಡ್ಲಿಕ್ಕ ಒಬ್ಬರಾದ್ರೂ ಇದ್ರ ಅದೇ ದೊಡ್ಡ ಆಸರ. ಲಗ್ನ ಔಷಧ ಅಲ್ಲ. ಗಂಡನ ಮನ್ಯಾಗ ಹೊಡೆತ ಬಡಿತ ಇದ್ರ ಇದ್ದದ್ದೂ ಹೆಚ್ಚಾಗ್ತದ. ಸತ್ತರ ಛಲೋ ಅಂತ ಏನರ ಅಂದಾಳಾ? ಅಣ್ಣಾರ, ಇದಕ್ಕೊಂದು ಉತ್ತರ ಹೇಳ್ರಿ.

ಕೇಳಿದವರು: ಹೋದ ವಾರ ಒಮ್ಮೆ ಅಂದಾಳ್ರಿ. ಸಿಟ್ಟಿನ್ಯಾಗ ಅಂದಾಳಂತ ಬಿಟ್ವಿ.

ಬೀದರ್ ಸಿಸ್ಟರ್: ಬಿಡಬ್ಯಾಡ್ರಿ. ಇವತ್ತು ರಾತ್ರಿ ಅಕಿನ್ನ ಒಬ್ಬಾಕಿನ್ನೇ ಮಲಗಸಬ್ಯಾಡ್ರಿ. ತೊಗರಿಗೆ ಹೊಡಿಯೋ ಎಣ್ಣಿ, ಮನ್ಯಾಗಿನ ಮಾತ್ರಿ ಎಲ್ಲಾ ಕೀಲಿ ಹಾಕ್ರಿ. ಸಾಯೋ ವಿಚಾರ ಬರ್ತದೇನು ಅಂತ ನೇರ ಕೇಳ್ರಿ, ಕೇಳಿದ್ರ ವಿಚಾರ ಹೆಚ್ಚಾಗಂಗಿಲ್ಲ. ಈಗಲೇ ಮನಸಿನ ತ್ರಾಸಿಗೆ ಇರೋ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ಚ್ರಿ, 24 ತಾಸೂ ಪುಕ್ಕಟ, ಕನ್ನಡದಾಗೇ ಮಾತಾಡ್ತಾರ. ತಾಲೂಕು ಆಸ್ಪತ್ರ್ಯಾಗ ಮಂಗಳವಾರ ಮನಸಿನ ಕಾಯಿಲೆ ನೋಡೋ ಮನೋಚೈತನ್ಯ ಕ್ಲಿನಿಕ್ ಅದ, ಆದ್ರ ನೀವು ಅದಕ್ಕ ಕಾಯಬ್ಯಾಡ್ರಿ, ನಾಳೆನೇ ದೊಡ್ಡ ಸರ್ಕಾರಿ ಆಸ್ಪತ್ರಿಗೆ ಒಯ್ಯ್ರಿ. ಮಾತ್ರಿ ಶುರುವಾದ್ರ 25ರ ಒಳಗಿನವರ ಮ್ಯಾಲ ಮೊದಲ ಕೆಲವು ವಾರ ಹೆಚ್ಚಿಗಿ ಕಣ್ಣಿಡಬೇಕು.

ಯಾದಗಿರಿಯವ: ಮಂಗಳವಾರ ನಮ್ಮ ತಾಲೂಕಾಗ ಹೋದ್ರ ಮಾತ್ರಿ ಸ್ಟಾಕ್ ಇಲ್ಲ ಅಂದು ಹೊರಗಿಂದು ಬರಕೊಟ್ರು. 640 ರೂಪಾಯಿ.

ಹುಮನಾಬಾದ್ ಕಾಕಾ: ಸಣ್ಣ ಹುಡುಗಿನ್ನ ಆಸ್ಪತ್ರಿಗೆ ಒಯ್ದ್ರ ನಾಳೆ ವರ ಯಾರ್ ಬರ್ತಾರ? ಗಾಣಗಾಪುರಕ್ಕ ಒಂದು ಅಮಾಸಿ ಕರಕೊಂಡು ಹೋಗ್ರಿ.

ಆಳಂದದಾಕಿ: ನಮ್ಮವ್ವನೂ ಗಾಣಗಾಪುರಕ್ಕ ಹೋಗ್ತಾಳ, ನಾನೂ ಹೋಗ್ತೀನಿ. ಮಾತ್ರಿ ಚೀಲದಾಗ ಇಟ್ಕೊಂಡೇ ಹೋಗ್ತಿದ್ದೆ.

ಕೇಳಿದವರು: 14416ಕ್ಕ ಮಾತಾಡಿದ್ವಿ. ಅಕಿನೂ ಮಾತಾಡಿದ್ಳು. ಮುಂಜಾನೆ ಹೊಂಟೀವಿ. ಅಪ್ಪಗ ಇನ್ನಾ ಹೇಳಿಲ್ಲ.

ಹುಮನಾಬಾದ್ ಕಾಕಾ: ತಂದಿಗೆ ಹೇಳದೇ ಒಯ್ತೀರಾ?

ಸೇಡಂ ರೋಡ್ ಅಕ್ಕ: ಕಾಕಾರ, ನೀವು ಮತ್ತ ಆ ಡೀಸೆಲ್ ಲೆಕ್ಕ ತೆಗೀಬ್ಯಾಡ್ರಿ.