ಶಾನ್ ಅನ್ನೋ ಹೆಸರಿನ ದೊಡ್ಡವರು ಯಾರ್ಯಾರು? ಒಬ್ಬ ಅಜ್ಜನಿಗೆ ಉತ್ತರ ಹೇಳಬೇಕಿದೆ

ಹಾಸನದ ಸಿಸ್ಟರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು. ಐರ್ಲೆಂಡಿಗೆ ಬಂದು ಏಳು ತಿಂಗಳಾಯ್ತು, ಇಲ್ಲೊಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೀನಿ. ಮೊದಲನೇ ವಾರ ಬೆಳಗಿನ ಮಾತ್ರೆ ಕೊಡ್ತಾ ಇದ್ದಾಗ ಪಟ್ಟಿಯಲ್ಲಿ ಎಸ್, ಇ, ಎ, ಎನ್ ಅಂತ ಒಂದು ಹೆಸರಿತ್ತು. "ಸೀನ್" ಅಂತ ಕರೆದೆ. ನಮ್ಮೂರಲ್ಲಿ ಶ್ರೀನಿವಾಸನ್ನ ಸೀನ ಅಂತೀವಲ್ಲ, ಬಾಯಿಗೆ ಅದೇ ಬಂತು. ಯಾರೂ ಓಗೊಡಲಿಲ್ಲ. ಇನ್ನೊಂದು ಸಲ ಕರೆದೆ. ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದ ಅಜ್ಜ, ಎಂಬತ್ತೇಳು ವರ್ಷ, ಕೈ ಎತ್ತಿ "ಶಾನ್, ಮಗಳೇ, ಶಾನ್" ಅಂದರು. ನನ್ನ ಪೆನ್ನು ಇಸ್ಕೊಂಡು ಪೇಪರಿನ ಅಂಚಲ್ಲಿ ಹೆಸರು ಬರೆದು, ಎ ಅಕ್ಷರದ ತಲೆ ಮೇಲೆ ಒಂದು ಓರೆ ಗೀಟು ಎಳೆದು ತೋರಿಸಿದರು. ನಮ್ಮ ಪಟ್ಟಿಯಲ್ಲಿ ಆ ಗೀಟು ಇರಲಿಲ್ಲ.

ಈಗ ಅವರು ಮತ್ತೆ ಅಡ್ಮಿಟ್ ಆಗಿದ್ದಾರೆ. ನಿನ್ನೆ ರಾತ್ರಿ ಬಿಪಿ ನೋಡೋವಾಗ ಕೇಳಿದರು: "ನನ್ನ ಹೆಸರಿನ ಐದು ಜನ ದೊಡ್ಡವರನ್ನ ಹೇಳು ನೋಡೋಣ." ನನಗೆ ಗೊತ್ತಿದ್ದದ್ದು ಶಾನ್ ಕಾನರಿ ಒಬ್ಬರೇ. ಅಜ್ಜ ತಲೆ ಅಲ್ಲಾಡಿಸಿ, "ಅವನು ಸ್ಕಾಟ್ಲೆಂಡಿನವನು, ಇನ್ನೂ ಐದು ಬಾಕಿ" ಅಂದರು. ಗೂಗಲ್ ಮಾಡಿದರೆ ಉದ್ದಕ್ಕೆ ಪಟ್ಟಿ ಬರುತ್ತೆ, ಯಾರು ಯಾಕೆ ಮುಖ್ಯ ಅಂತ ತಿಳಿಯಲ್ಲ. ಇಲ್ಲಿ ತುಂಬ ವರ್ಷ ಇದ್ದವರು ಯಾರಾದ್ರೂ ಹೇಳ್ತೀರಾ? ಎಸ್ ಬರೆದು ಶ ಅಂತ ಯಾಕೆ ಓದ್ತಾರೆ ಅನ್ನೋದೂ ತಿಳಿಬೇಕು. ಶುಕ್ರವಾರ ನನಗೆ ನೈಟ್ ಡ್ಯೂಟಿ ಇದೆ, ಅಷ್ಟರೊಳಗೆ ಬೇಕು.

ಸಂಜೆ ರೈಲು ಬರೆದದ್ದು:

ಸಿಸ್ಟರ್, ನಿಮ್ಮ ಪ್ರಶ್ನೆ ಓದಿ ಮನೆಗೆ ಹೋಗೋ ರೈಲಿನಲ್ಲೇ ಕೂತು ಬರೀತಾ ಇದ್ದೀನಿ. ನಾನು ಡಬ್ಲಿನ್ನಿಗೆ ಬಂದು ಹತ್ತೊಂಬತ್ತು ವರ್ಷ.

ಮೊದಲು ಆ ಗೀಟಿನ ವಿಷಯ. ಅದಕ್ಕೆ ಐರಿಷ್ ಭಾಷೆಯಲ್ಲಿ "ಫಾದಾ" ಅಂತಾರೆ. ಆ ಪದದ ಅರ್ಥವೇ ಉದ್ದ, ಅಂದರೆ ನಮ್ಮ ದೀರ್ಘ. ದೀರ್ಘ ಬಿಟ್ಟರೆ ಬಾಳೆ ಹೋಗಿ ಬಳೆ ಆಗುತ್ತಲ್ಲ, ಅಲ್ಲೂ ಹಾಗೇ. ಗೀಟಿಲ್ಲದೆ ಅದೇ ನಾಲ್ಕು ಅಕ್ಷರ ಬರೆದರೆ "ಹಳೆಯ, ಮುದಿ" ಅಂತ ಅರ್ಥ. ಎಂಬತ್ತೇಳರ ಅಜ್ಜನಿಗೆ ಅದು ಎಷ್ಟು ಚುಚ್ಚುತ್ತೆ ಅಂತ ಯೋಚಿಸಿ. ಇನ್ನು ಶ ಯಾಕೆ ಅಂದ್ರೆ, ಐರಿಷ್‌ನಲ್ಲಿ ಎಸ್ ಪಕ್ಕದಲ್ಲಿ ಇ ಅಥವಾ ಐ ಬಂದರೆ ಅದು ಶಕಾರ ಆಗುತ್ತೆ. ಈ ಹೆಸರಲ್ಲಿರೋ ಇ ಅಕ್ಷರಕ್ಕೆ ತನ್ನದೇ ಉಚ್ಚಾರಣೆ ಇಲ್ಲ, ಎಸ್ಸನ್ನ ಶ ಮಾಡೋದಷ್ಟೇ ಅದರ ಕೆಲಸ.

ಈಗ ಜನ. ನಾನು ದಿನಾ ರೈಲು ಹತ್ತೋ ನಿಲ್ದಾಣದ ಹೆಸರೇ ಒಬ್ಬ ಶಾನ್‌ನದು: ಹ್ಯೂಸ್ಟನ್. ಹಿಂದೆ ಅದು ಕಿಂಗ್ಸ್‌ಬ್ರಿಜ್. ಶಾನ್ ಹ್ಯೂಸ್ಟನ್ ಅಲ್ಲೇ, ಅದೇ ರೈಲ್ವೆ ಕಂಪನಿಯಲ್ಲಿ ಗುಮಾಸ್ತನಾಗಿದ್ದ ಹುಡುಗ. 1916ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಈಸ್ಟರ್ ದಂಗೆಯಲ್ಲಿ ಲಿಫಿ ನದಿ ದಂಡೆಯ ಮೆಂಡಿಸಿಟಿ ಅನ್ನೋ ಕಟ್ಟಡವನ್ನ ಕೆಲವೇ ಹುಡುಗರನ್ನ ಕಟ್ಟಿಕೊಂಡು ಹಿಡಿದಿದ್ದ. ಮೂರ್ನಾಲ್ಕು ಗಂಟೆ ತಡೆದರೆ ಸಾಕು ಅಂತ ಅಪ್ಪಣೆ ಇತ್ತು, ಎರಡು ದಿನಕ್ಕೂ ಮೀರಿ ತಡೆದ. ಮೇ 8ರಂದು ಕಿಲ್ಮೇನಂ ಜೈಲಿನಲ್ಲಿ ಗುಂಡಿಟ್ಟು ಕೊಂದರು. ಇಪ್ಪತ್ತೈದು ವರ್ಷ. ಐವತ್ತು ವರ್ಷ ಕಳೆದ ಮೇಲೆ, 1966ರಲ್ಲಿ, ಅವನು ಕೆಲಸ ಮಾಡಿದ ನಿಲ್ದಾಣಕ್ಕೇ ಅವನ ಹೆಸರಿಟ್ಟರು. ಆ ಜೈಲು ನಿಲ್ದಾಣದಿಂದ ನಡೆದು ಹೋಗೋಷ್ಟೇ ದೂರ. ಕಲ್ಲು ಒಡೆಯೋ ಅಂಗಳ ಅಂತ ಇದೆ ಅಲ್ಲಿ, ಎತ್ತರದ ಗೋಡೆ, ನೆಲಕ್ಕೆ ಜಲ್ಲಿ, ಕರಿ ಶಿಲುಬೆ. ನಾನು ಎರಡು ಸಲ ಹೋಗಿದ್ದೀನಿ. ಎರಡು ಸಲವೂ ಗೈಡ್ ಹೆಸರುಗಳನ್ನ ಓದುವಾಗ ಜನ ತಾವಾಗೇ ಟೋಪಿ ತೆಗೆದರು.

ಅದೇ ಅಂಗಳದಲ್ಲಿ ಮೇ 12ಕ್ಕೆ ಶಾನ್ ಮ್ಯಾಕ್ ಡಿಯರ್ಮಡ. ಸ್ವಾತಂತ್ರ್ಯದ ಘೋಷಣೆಗೆ ಸಹಿ ಹಾಕಿದ ಏಳು ಜನರಲ್ಲಿ ಒಬ್ಬರು. ಲೀಟ್ರಿಮ್ ಕಡೆಯ ಬಡ ರೈತರ ಮನೆ. ಪೋಲಿಯೋ ಆಗಿ ಕಾಲು ಸೋತು ಕೋಲು ಊರಿ ನಡೀತಿದ್ದರು. ಸ್ಲೈಗೋ ರೈಲು ನಿಲ್ದಾಣಕ್ಕೆ ಅವರ ಹೆಸರಿದೆ.

ನಿಮ್ಮ ಅಜ್ಜನ ಹತ್ತಿರ ಹೇಳಬೇಕಾದ್ದು ಇದು ಅಂತ ನನಗನ್ನಿಸುತ್ತೆ: ಇವರಲ್ಲಿ ಹೆಚ್ಚಿನವರು ಹುಟ್ಟಿದಾಗ ಶಾನ್ ಅಲ್ಲ. ಜಾನ್. ಹ್ಯೂಸ್ಟನ್ ಜಾನ್, ಮ್ಯಾಕ್ ಡಿಯರ್ಮಡ ಜಾನ್ ಮ್ಯಾಕ್‌ಡರ್ಮಟ್. ನಾಟಕಕಾರ ಶಾನ್ ಓಕೇಸಿ ಹುಟ್ಟಿದ್ದು 1880ರಲ್ಲಿ, ಜಾನ್ ಕೇಸಿಯಾಗಿ, ಡಬ್ಲಿನ್ನಿನ ಪ್ರೊಟೆಸ್ಟೆಂಟ್ ಮನೆಯಲ್ಲಿ. ಚಿಕ್ಕಂದಿನಿಂದ ಕಣ್ಣು ಬೇನೆ, ಶಾಲೆ ಸರಿಯಾಗಿ ಸಿಗಲಿಲ್ಲ, ರೈಲ್ವೆಯಲ್ಲಿ ಕೂಲಿ ಕೆಲಸ ಮಾಡಿದರು. ದೊಡ್ಡವರಾದ ಮೇಲೆ ಐರಿಷ್ ಕಲಿತು ಹೆಸರು ತಿರುಗಿಸಿಕೊಂಡರು. ಅದೇ ಮನುಷ್ಯ 1926ರಲ್ಲಿ ಈಸ್ಟರ್ ದಂಗೆಯನ್ನ ವಠಾರದ ಬಡವರ ಕಣ್ಣಲ್ಲಿ ತೋರಿಸಿ ನಾಟಕ ಬರೆದಾಗ, ಆ್ಯಬೆ ಥಿಯೇಟರಿನಲ್ಲಿ ಗಲಾಟೆ ಆಯ್ತು. ಐರಿಷ್ ಹೆಸರು ಇಟ್ಟುಕೊಂಡೂ ತನ್ನವರಿಗೆ ಕಹಿ ಸತ್ಯ ಹೇಳಿದರಲ್ಲ, ಅದಕ್ಕೇ ಅವರ ಮೇಲೆ ನನಗೆ ಹೆಚ್ಚು ಗೌರವ.

ಕಾರ್ಕ್ ಊರಿನ ಕಥೆಗಾರ ಶಾನ್ ಓಫೇಲಾನ್ ಹುಟ್ಟಿದಾಗ ಜಾನ್ ವೇಲನ್. ಅಪ್ಪ ಬ್ರಿಟಿಷ್ ಆಡಳಿತದ ಪೊಲೀಸ್ ಪೇದೆ. ಆ ಮನೆಯ ಮಗ ಹೆಸರು ಬದಲಾಯಿಸಿಕೊಂಡಾಗ ಊಟದ ಹೊತ್ತಲ್ಲಿ ಎಂಥ ಮೌನ ಇದ್ದಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೀನಿ. ಸಂಗೀತದ ಶಾನ್ ಓರಿಯಡ ಇನ್ನೂ ಈಚಿನವರು, ಜಾನ್ ರೀಡಿಯಾಗಿ 1931ರಲ್ಲಿ ಹುಟ್ಟಿದವರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿತು, ಆಮೇಲೆ ಹಳ್ಳಿಯವರ ಪಿಟೀಲು, ಕೊಳಲುಗಳನ್ನ ವೇದಿಕೆಗೆ ತಂದರು. ಕೊನೆಗೆ ಕಾರ್ಕ್ ಸೀಮೆಯಲ್ಲಿ ಐರಿಷ್ ಮಾತಾಡೋ ಕೂಲೇಯ ಅನ್ನೋ ಹಳ್ಳಿಗೇ ಹೋಗಿ ಮನೆ ಮಾಡಿ, ಅಲ್ಲಿಯ ಗಂಡಸರನ್ನ ಸೇರಿಸಿ ಚರ್ಚಿನಲ್ಲಿ ಹಾಡಿಸಿದರು. ನಲವತ್ತಕ್ಕೇ ತೀರಿಕೊಂಡರು.

ರಾಜಕೀಯದಲ್ಲಿ ಶಾನ್ ಲೆಮಾಸ್. 1916ರಲ್ಲಿ ದಂಗೆಯವರು ಹಿಡಿದಿದ್ದ ಡಬ್ಲಿನ್ ಅಂಚೆ ಕಚೇರಿಯೊಳಗೆ ಬಂದೂಕು ಹಿಡಿದಿದ್ದಾಗ ಹದಿನಾರು ವರ್ಷ. 1959ರಿಂದ 1966ರವರೆಗೆ ಪ್ರಧಾನಿ. ಬಾಗಿಲು ಹಾಕಿ ಕೂತಿದ್ದ ದೇಶವನ್ನ ಹೊರಗಿನ ವ್ಯಾಪಾರಕ್ಕೆ, ಹೊರಗಿನ ಬಂಡವಾಳಕ್ಕೆ ತೆರೆದದ್ದು ಅವರ ಕಾಲ. ನಾವೆಲ್ಲ ಇವತ್ತು ಕೆಲಸ ಹುಡುಕಿಕೊಂಡು ಬರೋ ಐರ್ಲೆಂಡಿನ ಬೇರು ಅಲ್ಲಿದೆ. 1965ರ ಜನವರಿಯಲ್ಲಿ ಗಡಿ ದಾಟಿ ಬೆಲ್‌ಫಾಸ್ಟಿಗೆ ಹೋಗಿ ಉತ್ತರ ಐರ್ಲೆಂಡಿನ ಪ್ರಧಾನಿ ಟೆರೆನ್ಸ್ ಓನೀಲ್ ಅವರನ್ನ ಕಂಡರು. ದೇಶ ಎರಡಾಗಿ ನಲವತ್ತು ವರ್ಷ ದಾಟಿತ್ತು, ಅಲ್ಲಿವರೆಗೂ ಇಂಥ ಭೇಟಿ ಆಗಿರಲಿಲ್ಲ.

ನನ್ನ ನಿಲ್ದಾಣ ಬಂತು, ಉಳಿದದ್ದು ಊಟ ಆದ್ಮೇಲೆ.

ಸೈಕಲ್ ಸವಾರ, ಮೈಸೂರು:

ಸೈಕಲ್ ಓಡಿಸೋನಾಗಿ ಒಬ್ಬರನ್ನ ಬಿಡೋ ಹಾಗೇ ಇಲ್ಲ: ಶಾನ್ ಕೆಲ್ಲಿ. ಪ್ಯಾರಿಸ್–ನೀಸ್ ಪಂದ್ಯವನ್ನ 1982ರಿಂದ 1988ರವರೆಗೆ ಸತತ ಏಳು ವರ್ಷ ಗೆದ್ದವರು. 1988ರಲ್ಲಿ ಸ್ಪೇನಿನ ವೂಎಲ್ಟಾ ಕೂಡ. ಟೂರ್ ಡಿ ಫ್ರಾನ್ಸ್‌ನಲ್ಲಿ ಅಂಕಗಳ ಪಟ್ಟಿಯಲ್ಲಿ ಮೊದಲು ಬಂದವರಿಗೆ ಸಿಗೋ ಹಸಿರು ಜರ್ಸಿ ನಾಲ್ಕು ಸಲ. ಮೇಲೆ ಅಣ್ಣ ಹೇಳಿದ ಮಾತಿಗೆ ಇವರೂ ಸೇರ್ತಾರೆ, ಆದರೆ ಕಾರಣ ಬೇರೆ. ದಾಖಲೆಯಲ್ಲಿ ಇವರು ಜಾನ್ ಜೇಮ್ಸ್. ಅಪ್ಪನೂ ಜಾನ್. ಒಂದೇ ಮನೆಯಲ್ಲಿ ಕರೆದರೆ ಇಬ್ಬರೂ ತಿರುಗಬಾರದು ಅಂತ ಮಗನನ್ನ ಶಾನ್ ಅಂದರು. ವಾಟರ್‌ಫರ್ಡ್ ಕಡೆಯ ರೈತರ ಮನೆ. ಹೆಸರು ಬದಲಾಯಿಸಿದವರೆಲ್ಲ ದೇಶಕ್ಕೋಸ್ಕರ ಬದಲಾಯಿಸಿದರು ಅಂತ ತಿಳಿಯೋದು ಬೇಡ.

ಕರಾವಳಿಯವ:

ನಾನು ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಯವ. ನಮ್ಮ ಅಜ್ಜನನ್ನು ಊರಿಡೀ ಜುವಾಂವ್ ಅಂತ ಕರೆಯುತ್ತಿತ್ತು. ಪೋರ್ಚುಗೀಸರ ಜೊವಾಂವ್ ನಮ್ಮ ಬಾಯಲ್ಲಿ ಹಾಗಾದದ್ದು. ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಜಾನ್. ಕನ್ನಡ ಬೈಬಲ್ಲಿನಲ್ಲಿ ಅದೇ ಹೆಸರು ಯೋಹಾನ. ಸಿಸ್ಟರ್, ನಿಮ್ಮ ಶಾನ್ ಅಜ್ಜನೂ ನಮ್ಮ ಜುವಾಂವ್ ಅಜ್ಜನೂ ಒಂದೇ ಹೆಸರಿನವರು ಮಾರಾಯ್ರೆ. ಫ್ರೆಂಚಿನವರ ಝಾನ್ ಐರ್ಲೆಂಡಿಗೆ ನಾರ್ಮನ್ ದಂಡಿನ ಜೊತೆ ಹೋಗಿ ಶಾನ್ ಆದದ್ದು. ಶಿವಾನ್, ಶಿನೇಡ್ ಅಂತ ಹೆಣ್ಣುಮಕ್ಕಳ ಹೆಸರು ಕೇಳಿರಬಹುದು ನೀವು, ಅವೂ ಇದೇ ಬಳ್ಳಿಯವು.

ಸಂಜೆ ರೈಲು:

ಸವಾರರ ಮಾತು ಒಪ್ಪಿದೆ.

ಒಬ್ಬರು ಬಾಕಿ ಇದ್ದರು, ನನ್ನ ಪ್ರಕಾರ ಎಲ್ಲರಿಗಿಂತ ಮುಖ್ಯ. ಶಾನ್ ಮ್ಯಾಕ್‌ಬ್ರೈಡ್. ಹುಟ್ಟಿದ್ದು 1904ರಲ್ಲಿ, ಪ್ಯಾರಿಸ್ಸಿನಲ್ಲಿ. ತಾಯಿ ಮಾಡ್ ಗಾನ್, ಐರಿಷ್ ಸ್ವಾತಂತ್ರ್ಯ ಹೋರಾಟಗಾರ್ತಿ. ಫ್ರಾನ್ಸಿನಲ್ಲೇ ಬೆಳೆದದ್ದರಿಂದ ಕೊನೆವರೆಗೂ ಅವರ ಇಂಗ್ಲಿಷಿನಲ್ಲಿ ಫ್ರೆಂಚಿನ ಎಳೆತ ಇತ್ತು. ಅಪ್ಪ ಜಾನ್, ಮಗ ಶಾನ್, ಒಂದೇ ಹೆಸರು ಎರಡು ಭಾಷೆಯಲ್ಲಿ. ಆ ಅಪ್ಪನನ್ನೂ 1916ರ ಮೇ 5ರಂದು ಅದೇ ಕಿಲ್ಮೇನಂ ಅಂಗಳದಲ್ಲಿ ಕೊಂದರು. ಮಗನಿಗೆ ಹನ್ನೆರಡು ವರ್ಷ. ಬೆಳೆದು ಅವರೂ ಬಂದೂಕು ಹಿಡಿದರು, ಸ್ವಲ್ಪ ಕಾಲ ಐಆರ್‌ಎ ಅನ್ನೋ ಐರಿಷ್ ಸಶಸ್ತ್ರ ಸಂಘಟನೆಯ ಮುಖ್ಯಸ್ಥರೂ ಆಗಿದ್ದರು. ಆಮೇಲೆ ವಕೀಲರಾಗಿ ನೇಣಿಗೆ ಹೋಗೋರ ಪರ ವಾದ ಮಾಡಿದರು, ವಿದೇಶಾಂಗ ಮಂತ್ರಿಯಾದರು, ಕೈದಿಗಳ ಹಕ್ಕಿಗೆ ಹೋರಾಡೋ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಕಟ್ಟಿದವರಲ್ಲಿ ಒಬ್ಬರಾದರು. 1974ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ, ಜಪಾನಿನ ಐಸಾಕು ಸಾಟೊ ಜೊತೆ ಹಂಚಿಕೊಂಡು. ಅಪ್ಪನನ್ನ ಗುಂಡೇಟಿಗೆ ಕಳಕೊಂಡ ಹುಡುಗ ಬೇರೆ ದೇಶದ ಕೈದಿಗಳಿಗೋಸ್ಕರ ಇಡೀ ಮುಪ್ಪು ಸವೆಸಿದ.

ಇನ್ನೊಂದು ಮಾತು, ಹೆಸರಿಗೆ ಸೇರಿದ್ದಲ್ಲ, ಆದರೂ ಬಿಡೋಕೆ ಮನಸ್ಸಿಲ್ಲ. ಆ 1916ರಲ್ಲಿ ಡಬ್ಲಿನ್ನಿನಲ್ಲಿ ಕಾನೂನು ಓದುತ್ತಾ ಇದ್ದವರು ವಿ.ವಿ. ಗಿರಿ. ಆ ವರ್ಷವೇ ಅವರನ್ನ ದೇಶ ಬಿಡಿಸಿ ಕಳಿಸಿದರು. ಮುಂದೆ ಅವರೇ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರು, ಆಮೇಲೆ ರಾಷ್ಟ್ರಪತಿ. ಅಜ್ಜನಿಗೆ ಇದನ್ನೂ ಹೇಳಿ.

ಹಾಸನದ ಸಿಸ್ಟರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ವಾರ್ಡಿನ ದೀಪ ಸಣ್ಣಗೆ ಮಾಡಿದ ಮೇಲೆ ಅಜ್ಜನ ಪಕ್ಕ ಕೂತು ಒಬ್ಬೊಬ್ಬರನ್ನೇ ಹೇಳಿದೆ. ಹ್ಯೂಸ್ಟನ್ ಹೆಸರು ಹೇಳಿದಾಗ ಸುಮ್ಮನೆ ತಲೆ ಆಡಿಸಿದರು. ಕೆಲ್ಲಿ ಹೆಸರು ಬಂದಾಗ ಹಾಸಿಗೆಯಲ್ಲೇ ಎದ್ದು ಕೂತರು, ಅವರನ್ನ ರಸ್ತೆ ಬದಿ ನಿಂತು ನೋಡಿದ್ದರಂತೆ.

ಹುಟ್ಟಿದಾಗ ಹೆಚ್ಚಿನವರು ಜಾನ್ ಅಂತೆ ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಲ್ಯಾಟಿನ್ನಿನಲ್ಲಿ ಯೊಹಾನೆಸ್, ಸರ್ಕಾರದ ಜನನ ಪತ್ರದಲ್ಲಿ ಜಾನ್, ಶಾಲೆಯ ಹಾಜರಿಯಲ್ಲಿ ಮೇಷ್ಟ್ರು ಬರೆದದ್ದು ಶಾನ್. "ಅಮ್ಮ ಕರೆದದ್ದು ಮೂರನೇದು, ಅದೇ ನಿಂತಿತು" ಅಂದರು. ಅವರ ತರಗತಿಯಲ್ಲಿ ನಾಲ್ಕು ಜನ ಶಾನ್ ಇದ್ದರಂತೆ. ಗುರುತಿಗೆ ಅಪ್ಪನ ಹೆಸರು ಸೇರಿಸಿ ಕರೀತಿದ್ದರಂತೆ, ನಮ್ಮೂರಲ್ಲಿ ಕಾಳಪ್ಪನ ಮಗ ರಾಜ, ಬೋರಪ್ಪನ ಮಗ ರಾಜ ಅನ್ನೋ ಹಾಗೆ.

ಕನ್ನಡದಲ್ಲಿ ಯೋಹಾನ ಅಂತಾರೆ ಅಂದೆ. ಬರೆದು ತೋರಿಸು ಅಂದರು. ಅವರ ಪೇಪರಿನ ಅಂಚಲ್ಲಿ ಮೊದಲು ಯೋಹಾನ ಬರೆದೆ, ಅದರ ಕೆಳಗೆ ಶಾನ್ ಬರೆದೆ. ಕನ್ನಡಕ ಹಾಕ್ಕೊಂಡು ಬಹಳ ಹೊತ್ತು ನೋಡಿ, "ನನ್ನ ಗೀಟು ಎಲ್ಲಿ?" ಅಂದರು. ಒಂದನೇ ಕ್ಲಾಸಲ್ಲಿ ನಮ್ಮ ಟೀಚರ್ "ಶ ಇಳಿ ಶಾ" ಅಂತ ಹೇಳಿಕೊಟ್ಟದ್ದು ನೆನಪಾಯ್ತು. ಆ ಇಳಿಯ ಮೇಲೆ ಅವರ ಬೆರಳು ಹಿಡಿದು ಇಟ್ಟೆ.

ಪೇಪರಿನ ಆ ತುಂಡನ್ನ ಹರಿದು ತಮ್ಮ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ. ಬೆಳಿಗ್ಗೆ ಡ್ಯೂಟಿ ಬಿಟ್ಟುಕೊಡೋವಾಗ ಹಾಸಿಗೆ ಮೇಲಿನ ಬಿಳಿ ಬೋರ್ಡಿನಲ್ಲಿ ಅವರ ಹೆಸರಿಗೆ ನಾನೇ ಗೀಟು ಎಳೆದು ಬಂದೆ.