ಕಾಲ್ಬೆರಳ ತುದಿಗೆ ಪ್ರೋಟೀನ್ ತಲುಪಲು ಮೂರು ವರ್ಷ ಬೇಕಾ?

ಕುತೂಹಲಿ:
ಒಂದು ಲೆಕ್ಕ ತಲೆ ಕೆಡಿಸಿದೆ. ಬೆನ್ನುಹುರಿಯಿಂದ ಪಾದಕ್ಕೆ ಹೋಗುವ ಆಕ್ಸಾನ್, ಅಂದರೆ ನರಕೋಶದ ಉದ್ದನೆಯ ಎಳೆ, ಹತ್ತಿರಹತ್ತಿರ ಒಂದು ಮೀಟರ್ ಉದ್ದ. ಪ್ರೋಟೀನ್ ಮಾತ್ರ ಬಹುಪಾಲು ಮೇಲೆ, ನರಕೋಶದ ಒಡಲಲ್ಲೇ ತಯಾರಾಗುತ್ತದೆ. 'ನಿಧಾನ ಸಾಗಣೆ' ದಿನಕ್ಕೆ 1 ಮಿ.ಮೀ. ಅಂತ ಓದಿದೆ. ಅಲ್ಲಿಗೆ 1000 ದಿನ ಆಯ್ತಲ್ವಾ? ಇಷ್ಟು ಮೆಲ್ಲಗೆ ಎಳೆಯುವುದು ಯಾವುದು, ಇಲ್ಲ ಸುಮ್ನೆ ತೇಲಿಕೊಂಡು ಹೋಗುತ್ತದಾ?

ಆಕ್ಸಾನ್‌ಪ್ರಿಯ:
ತೇಲಿಕೊಂಡು ಹೋಗಲಿ ಅಂತ ಬಿಟ್ಟರೆ ಒಂದು ಮೀಟರ್ ದಾಟಲು ಜೀವಮಾನವೇ ಸಾಲದು. ಆಕ್ಸಾನ್ ಉದ್ದಕ್ಕೂ ಮೈಕ್ರೊಟ್ಯೂಬ್ಯೂಲ್ ಎಂಬ ಸಣ್ಣ ಕೊಳವೆಗಳಿವೆ, ಅವುಗಳ ಮೇಲೆ ಕೈನೆಸಿನ್ ಎಂಬ ಮೋಟಾರ್ ಪ್ರೋಟೀನ್ ಸರಕು ಹೊತ್ತು ನಡೆಯುತ್ತದೆ. ನಡಿಗೆ ಅಂದರೆ ನಡಿಗೆಯೇ: ಒಂದು ತುದಿ ಕೊಳವೆಯನ್ನು ಹಿಡಿದಿರುವಾಗ ಇನ್ನೊಂದು ಮುಂದೆ ಹೋಗಿ ಹಿಡಿಯುತ್ತದೆ, ಹೆಜ್ಜೆಗೆ 8 ನ್ಯಾನೋಮೀಟರ್, ಒಂದು ಎಟಿಪಿ (ಕೋಶದ ಇಂಧನದ ಅಣು) ಖರ್ಚು. 1985ರಲ್ಲಿ ವಿಜ್ಞಾನಿಗಳಾದ ವೇಲ್, ರೀಸ್, ಶೀಟ್ಜ್ ಇದನ್ನು ಸ್ಕ್ವಿಡ್‌ನ ನರದಿಂದ ಬೇರ್ಪಡಿಸಿದರು. ಪೊರೆಯ ಚೀಲಗಳಲ್ಲಿ ತುಂಬಿದ ಪ್ರೋಟೀನ್ ದಿನಕ್ಕೆ 200–400 ಮಿ.ಮೀ. ಸಾಗುತ್ತದೆ, ಅಂದರೆ ಪಾದಕ್ಕೆ ಹೆಚ್ಚೆಂದರೆ ಐದು ದಿನ.

ಕುತೂಹಲಿ:
ಅದು ವೇಗದ್ದು. ನಿಧಾನದ್ದಕ್ಕೆ ಬೇರೆ ಮೋಟಾರ್ ಇದೆಯಾ?

ನರಜಾಲ:
ಇಲ್ಲ, ಮಜಾ ಇರುವುದೇ ಇಲ್ಲಿ. ಬಹಳ ಕಾಲ ಎಲ್ಲರೂ ನೋಡುತ್ತಿದ್ದದ್ದು ಸರಾಸರಿಯನ್ನು: ಪ್ರೋಟೀನ್‌ಗೆ ಗುರುತು ಹಾಕಲು ಅದರ ಕಚ್ಚಾವಸ್ತುವಾದ ಅಮೈನೋ ಆಮ್ಲವನ್ನು ವಿಕಿರಣಶೀಲ ರೂಪದಲ್ಲಿ ಚುಚ್ಚುವುದು, ವಾರಗಳ ನಂತರ ನರವನ್ನು ತುಂಡು ಮಾಡಿ ಗುರುತು ಎಲ್ಲಿಗೆ ಬಂತು ಅಂತ ಅಳೆಯುವುದು. 2000ದಲ್ಲಿ ನಿಧಾನವಾಗಿ ಸಾಗುವ ನ್ಯೂರೋಫಿಲಮೆಂಟ್ ಎಂಬ ಪ್ರೋಟೀನ್ ನಾರಿಗೆ ಹೊಳೆಯುವ ಗುರುತು ಹಾಕಿ ಜೀವಂತ ಆಕ್ಸಾನ್‌ನಲ್ಲೇ ನೋಡಿದಾಗ, ಅದು ಚಕ್ಕನೆ ಓಡಿ, ನಿಂತು, ಕೆಲವೊಮ್ಮೆ ಹಿಂದಕ್ಕೂ ಬಂದು, ಮತ್ತೆ ಓಡುವುದು ಕಂಡಿತು. ಓಡುವಾಗ ವೇಗದ ಸಾಗಣೆಯಷ್ಟೇ ಜೋರು. ಬಸ್ಸಿನ ವೇಗವನ್ನು ನಿಲ್ದಾಣದಲ್ಲಿ ನಿಂತ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಿದ ಹಾಗೆ, ಅಷ್ಟೇ. ನಿಂತಿರುವ ಹೊತ್ತೇ ಜಾಸ್ತಿ, ಅದಕ್ಕೇ ದಿನಕ್ಕೆ 1 ಮಿ.ಮೀ. ನಿಮ್ಮ 1000 ದಿನ ತಪ್ಪಲ್ಲ, ಈ ನಾರುಗಳು ಬಾಳಿಕೆ ಬರುವಂಥವು, ದಾರಿಯುದ್ದಕ್ಕೂ ಆಕ್ಸಾನ್‌ಗೆ ಆಧಾರವಾಗಿಯೇ ಇರುತ್ತವೆ.

ಆಕ್ಸಾನ್‌ಪ್ರಿಯ:
ವಾಪಸ್ ಬರುವ ದಾರಿಯನ್ನೂ ಮರೀಬೇಡಿ. ಅಲ್ಲಿ ಎಳೆಯುವುದು ಡೈನೀನ್ ಎಂಬ ಇನ್ನೊಂದು ಮೋಟಾರ್ ಪ್ರೋಟೀನ್. ರೇಬೀಸ್ ವೈರಸ್ ಮತ್ತು ಧನುರ್ವಾಯುವಿನ ವಿಷ ಮೇಲಕ್ಕೆ ಹತ್ತುವುದೂ ಇದೇ ಗಾಡಿಯಲ್ಲಿ.

ಕುತೂಹಲಿ:
ಹಾಗಾದರೆ ಆ ಕೊಳವೆಗಳೇ ಕೆಟ್ಟರೆ?

ನರಜಾಲ:
ಕ್ಯಾನ್ಸರ್ ಔಷಧಿ ವಿನ್‌ಕ್ರಿಸ್ಟಿನ್ ಮಾಡುವುದು ಅದನ್ನೇ. ಕೋಶ ವಿಭಜನೆ ತಡೆಯಲು ಮೈಕ್ರೊಟ್ಯೂಬ್ಯೂಲ್ ಕಟ್ಟಲು ಬಿಡುವುದಿಲ್ಲ, ನರದ ಸಾಗಣೆಗೂ ಏಟು ಬೀಳುತ್ತದೆ. ಜೋಮು ಸಾಮಾನ್ಯವಾಗಿ ಅತಿ ಉದ್ದದ ಆಕ್ಸಾನ್‌ಗಳ ತುದಿಯಲ್ಲಿ, ಅಂದರೆ ಕಾಲು ಕೈ ಬೆರಳುಗಳಲ್ಲಿ ಮೊದಲು ಶುರುವಾಗುತ್ತದೆ.